ನರ ತೆಗೆದ ಮೇಲೂ ಹಲ್ಲು ನೋಯುವುದೇಕೆ?

ನಗರದ ಮನೆಗಳಲ್ಲಿ ‘ರೂಟ್ ಕೆನಾಲ್’ ಎಂಬ ಮಾತು ಇಂದು ಅಡಿಗೆಮನೆಯವರೆಗೂ ಬಂದಿದೆ. ಹುಳುಕು ಆಳಕ್ಕಿಳಿದ ಹಲ್ಲನ್ನು ಕಿತ್ತೆಸೆಯದೆ, ಒಳಗಿನ ಕೆಟ್ಟ ಭಾಗವನ್ನಷ್ಟೇ ತೆಗೆದು, ಬೇರಿನ ನಾಳಗಳನ್ನು ಶುಚಿಮಾಡಿ ತುಂಬಿಸಿ, ಮೇಲೊಂದು ಕ್ಯಾಪು ಕೂಡಿಸಿ ಉಳಿಸಿಕೊಳ್ಳುವ ಈ ಚಿಕಿತ್ಸೆಯನ್ನು ಮನೆಗೊಬ್ಬರಾದರೂ ಮಾಡಿಸಿಕೊಂಡಿರುತ್ತಾರೆ. “ನರವನ್ನೇ ತೆಗೆದಾಯಿತಲ್ಲ, ಇನ್ನು ನೋವೆಲ್ಲಿಯದು?” ಎಂಬ ನೆಮ್ಮದಿಯಿಂದ ಅವರು ದಂತವೈದ್ಯರ ಕುರ್ಚಿಯಿಂದ ಇಳಿದು ಬರುತ್ತಾರೆ. ಬಹುಮಂದಿಯ ಪಾಲಿಗೆ ಆ ನೆಮ್ಮದಿ ಹುಸಿಯಾಗುವುದೂ ಇಲ್ಲ. ಎರಡು ಮೂರು ದಿನ ಅಗಿಯುವಾಗ ತುಸು ನೋವು, ಹೆಚ್ಚೆಂದರೆ ಒಂದು ವಾರ. ಆಮೇಲೆ ಅಂಥ ಹಲ್ಲೊಂದು ಬಾಯಲ್ಲಿದೆ ಎಂಬುದೇ ಮರೆತುಹೋಗುತ್ತದೆ.

ಕೆಲವರಿಗೆ ಮಾತ್ರ ಹಾಗಾಗುವುದಿಲ್ಲ. ವಾರ ಕಳೆದು ತಿಂಗಳಾಗುತ್ತದೆ, ತಿಂಗಳು ಕಳೆದು ಆರು ತಿಂಗಳಾಗುತ್ತದೆ. ನೋವು ಮಾತ್ರ ಅಲ್ಲಿಯೇ ಕುಳಿತಿರುತ್ತದೆ. ಉರಿ, ಸೆಳೆತ, ಒಸಡಿನ ಮೇಲೆ ಬೆರಳು ತಾಗಿದರೂ ಜುಮ್ಮೆನ್ನುವ ಬೇನೆ. ದಂತವೈದ್ಯರು ಕ್ಷಕಿರಣ ಚಿತ್ರ ತೆಗೆಸಿ ನೋಡಿ, ನಾಳಗಳು ಚೆನ್ನಾಗಿ ತುಂಬಿವೆ, ಬೇರಿನ ತುದಿಯ ಮೂಳೆಯೂ ಮಾಗಿದೆ ಎನ್ನುತ್ತಾರೆ. ಮನೆಯವರು ಮೊದಮೊದಲು ಮರುಗಿ, ಬಳಿಕ “ಎಲ್ಲ ಮನಸ್ಸಿನದು” ಎಂದು ಕೈತೊಳೆದುಕೊಳ್ಳುತ್ತಾರೆ. ಕಡೆಗೆ ಬೇಸತ್ತ ರೋಗಿ ಹಲ್ಲನ್ನೇ ಕೀಳಿಸಿಬಿಡುತ್ತಾನೆ. ನೋವು ಎರಡು ದಿನ ಅಡಗಿ, ಪಕ್ಕದ ಹಲ್ಲಿನಲ್ಲಿ ತಲೆ ಎತ್ತುತ್ತದೆ. ಹಾಗೆ ಒಂದಾದ ಮೇಲೊಂದು ಒಳ್ಳೆಯ ಹಲ್ಲುಗಳನ್ನೇ ಕಳೆದುಕೊಂಡು, ನೋವನ್ನು ಮಾತ್ರ ಉಳಿಸಿಕೊಂಡವರ ಕಥೆಗಳು ವೈದ್ಯಗ್ರಂಥಗಳಲ್ಲಿ ಬೇಕಾದಷ್ಟಿವೆ.

ಇದು ಭ್ರಮೆಯಲ್ಲ, ನರದ ಕಾಯಿಲೆ. ಯಾರಿಗೆ ಇದು ಬರುವ ಸಂಭವ ಹೆಚ್ಚು ಎಂಬುದು ಈಚಿನ ದಶಕಗಳಲ್ಲಿ ಸಾಕಷ್ಟು ತಿಳಿದುಬಂದಿದೆ. ಚಿಕಿತ್ಸೆ ಮಾಡುವವರ ಕೈಚಳಕದ ಮಾತು ಹೇಗೂ ಇದೆ; ಅದಕ್ಕಿಂತ ಕಡಿಮೆ ಗಮನಕ್ಕೆ ಬಂದಿರುವುದು, ಚಿಕಿತ್ಸೆಯ ಕುರ್ಚಿಗೆ ಬರುವಾಗ ರೋಗಿ ತನ್ನೊಡನೆ ಏನನ್ನು ಹೊತ್ತು ತಂದಿರುತ್ತಾನೆ ಎಂಬುದು.

ಮೊದಲು ಹಲ್ಲಿನ ಒಳಗನ್ನು ತುಸು ನೋಡಬೇಕು. ಹೊರಗೆ ಬಿಳಿಯಾಗಿ ಹೊಳೆಯುವ ಎನಾಮಲ್ ಹೊದಿಕೆಯಲ್ಲಿ ಜೀವವಿಲ್ಲ, ನೋವಿಲ್ಲ. ಅದರ ಒಳಗೆ ಡೆಂಟಿನ್ ಎಂಬ ಗಟ್ಟಿ ಪದರ. ಅದಕ್ಕೂ ಒಳಗೆ, ನಡುವಿನ ಟೊಳ್ಳಿನಲ್ಲಿ, ದಂತಮಜ್ಜೆ. ಸೂಕ್ಷ್ಮ ರಕ್ತನಾಳಗಳೂ ನರತಂತುಗಳೂ ಬೇರಿನ ತುದಿಯ ಕಿರುರಂಧ್ರದಿಂದ ಒಳಹೊಕ್ಕು ಈ ಮಜ್ಜೆಯಲ್ಲಿ ಹರಡಿಕೊಂಡಿವೆ. ಹುಳುಕು ಇಲ್ಲಿಗೆ ಮುಟ್ಟಿದಾಗ ಮಜ್ಜೆ ಬಾತುಕೊಳ್ಳುತ್ತದೆ. ಸುತ್ತಲೂ ಗಟ್ಟಿ ಗೋಡೆ, ಬಾತುಕೊಳ್ಳಲು ಎಡೆಯಿಲ್ಲ. ರಾತ್ರಿಯೆಲ್ಲ ಕೂತು ಕಳೆಯುವಂತೆ ಮಾಡುವ ಹಲ್ಲುನೋವಿನ ಗುಟ್ಟು ಇದೇ. ದಂತವೈದ್ಯರು ತೆಳುವಾದ ಉಕ್ಕಿನ ಅಥವಾ ಮಿಶ್ರಲೋಹದ ಅರಗಳಿಂದ ಮಜ್ಜೆಯನ್ನು ಕೆರೆದು ತೆಗೆದು, ಕ್ರಿಮಿನಾಶಕ ದ್ರವದಿಂದ ನಾಳವನ್ನು ತೊಳೆದು, ಗಟ್ಟಾಪರ್ಚಾ ಎಂಬ ರಬ್ಬರಿನಂಥ ವಸ್ತುವಿನಿಂದ ತುಂಬಿಸುತ್ತಾರೆ.

ಹಾಗಾದರೆ, ಬೇರುನಾಳದ ಚಿಕಿತ್ಸೆಯೆಂದರೆ ಪ್ರತಿ ಸಲವೂ ಒಂದಿಷ್ಟು ನರತಂತುಗಳನ್ನು ಕತ್ತರಿಸುವುದೇ ಸರಿ. ಹಲ್ಲಿನ ಒಳಗಿದ್ದ ತುದಿ ಹೋಯಿತು. ಆದರೆ ಆ ತುದಿಯ ಹಿಂದೆ ಉದ್ದವಾದ ತಂತು ಉಳಿದಿದೆ. ಅದು ದವಡೆಯೊಳಗೆ ಸಾಗಿ, ಮುಖಕ್ಕೆಲ್ಲ ಸ್ಪರ್ಶಜ್ಞಾನ ಕೊಡುವ ಟ್ರೈಜೆಮಿನಲ್ ಎಂಬ ಮೂರು ಕವಲಿನ ದೊಡ್ಡ ನರವನ್ನು ಸೇರಿ, ಮಿದುಳಿಗೆ ಹೋಗುತ್ತದೆ. “ನರ ತೆಗೆದರು” ಎಂಬುದು ವಾಡಿಕೆಯ ಮಾತು. ಹೂವನ್ನು ಕೊಯ್ದವನು ಬಳ್ಳಿಯನ್ನೇ ಕಿತ್ತೆನೆಂದುಕೊಂಡಂತೆ ಅದು.

ಕೈಯೋ ಕಾಲೋ ಕಡಿದುಹೋದವರಿಗೆ, ಇಲ್ಲದ ಅಂಗವೇ ನೋಯುವುದುಂಟು. ಅಮೆರಿಕದ ಅಂತರ್ಯುದ್ಧದ ಗಾಯಾಳುಗಳಿಗೆ ಚಿಕಿತ್ಸೆ ಮಾಡಿದ ವೈದ್ಯ ಸೈಲಸ್ ವಿಯರ್ ಮಿಚೆಲ್ 1871ರಲ್ಲಿ ಇದಕ್ಕೆ ‘ಭೂತಾಂಗ’ ಎಂಬರ್ಥದ ಹೆಸರಿಟ್ಟ. ಅದನ್ನೇ ಅನುಸರಿಸಿ, 1978ರಲ್ಲಿ ಜೋಸೆಫ್ ಮಾರ್ಬಾಕ್ ಎಂಬ ಅಮೆರಿಕದ ದಂತವೈದ್ಯ, ಮಜ್ಜೆ ತೆಗೆದ ಅಥವಾ ಕಿತ್ತ ಹಲ್ಲಿನ ಜಾಗದಲ್ಲಿ ಉಳಿಯುವ ನೋವನ್ನು ‘ಭೂತದಂತದ ನೋವು’ ಎಂದು ಕರೆದ. ಹೆಸರು ಕೇಳಲು ಸೊಗಸಾಗಿದೆಯಾದರೂ, ರೋಗಿಗಳನ್ನು ಇನ್ನಷ್ಟು ಹೆದರಿಸುವಂಥದು. 2020ರಲ್ಲಿ ಹೊರಬಂದ ಮುಖ ಹಾಗೂ ಬಾಯಿನೋವುಗಳ ಅಂತರರಾಷ್ಟ್ರೀಯ ವರ್ಗೀಕರಣವು ಹೆಚ್ಚು ನಿರ್ಭಾವದ ಹೆಸರುಗಳನ್ನು ಕೊಟ್ಟಿದೆ. ನರಕ್ಕೆ ಪೆಟ್ಟಾದ ಆರು ತಿಂಗಳೊಳಗೆ ಆರಂಭವಾಗಿ, ಮೂರು ತಿಂಗಳು ಮೀರಿ ಉಳಿದ ನೋವನ್ನು, ಆ ನರದ ಪ್ರದೇಶದಲ್ಲಿ ಸ್ಪರ್ಶಜ್ಞಾನ ಕೆಟ್ಟಿರುವ ಗುರುತೂ ಇದ್ದರೆ, ‘ಆಘಾತೋತ್ತರ ನರಶೂಲೆ’ಯ ಗುಂಪಿಗೆ ಅದು ಸೇರಿಸುತ್ತದೆ.

ಇದು ಎಷ್ಟು ಮಂದಿಗೆ ಬರುತ್ತದೆ? ಮಿನೆಸೋಟ ವಿಶ್ವವಿದ್ಯಾನಿಲಯದ ಡೊನಾಲ್ಡ್ ನಿಕ್ಸ್‌ಡಾರ್ಫ್ ಮತ್ತು ಸಂಗಡಿಗರು ಅದುವರೆಗೆ ನಡೆದಿದ್ದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2010ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಬೇರುನಾಳದ ಚಿಕಿತ್ಸೆಯಾಗಿ ಆರು ತಿಂಗಳೋ ಹೆಚ್ಚೋ ಕಳೆದ ಮೇಲೂ ನೋವು ಉಳಿದದ್ದು ಶೇಕಡಾ 5.3ರಷ್ಟು. ಈ ನೋವಿನಲ್ಲಿಯೂ ಹಲ್ಲಿಗೇ ಸಂಬಂಧಪಡದದ್ದು ಚಿಕಿತ್ಸೆ ಪಡೆದವರ ಶೇಕಡಾ 3.4ರಷ್ಟು. ದವಡೆಯ ಸ್ನಾಯುಗಳ ನೋವು, ಕೀಲಿನ ನೋವು ಮೊದಲಾದವೂ ಇದರಲ್ಲಿ ಸೇರಿರುವುದರಿಂದ, ಅಪ್ಪಟ ನರದ ನೋವು ಇನ್ನೂ ಕಡಿಮೆಯೇ. ಹೆದರಿ ಚಿಕಿತ್ಸೆಯನ್ನೇ ತಪ್ಪಿಸಿಕೊಳ್ಳುವಷ್ಟು ದೊಡ್ಡ ಸಂಖ್ಯೆಯೇನಲ್ಲ. ಆದರೆ ಚಿಕಿತ್ಸೆ ಪಡೆಯುವವರು ಕೋಟಿಗಟ್ಟಲೆ ಇರುವಾಗ, ಶೇಕಡಾ ಒಂದೂ ಸಣ್ಣ ಗುಂಪಾಗಲಾರದು.

ನೋವು ಉಳಿದ ಮಾತ್ರಕ್ಕೆ ಅದು ನರದ್ದೆಂದು ತೀರ್ಮಾನಿಸಲೂಬಾರದು. ಮೇಲಿನ ಮೊದಲ ದವಡೆಹಲ್ಲಿನಲ್ಲಿ ಮೂರರ ಬದಲು ನಾಲ್ಕನೆಯ ನಾಳವೊಂದು ಅಡಗಿದ್ದು, ಕಣ್ತಪ್ಪಿ ಉಳಿದಿರಬಹುದು. ಹಲ್ಲು ಕೂದಲೆಳೆಯಷ್ಟು ಸೀಳಿರಬಹುದು. ಹೊಸ ಕ್ಯಾಪು ತುಸು ಎತ್ತರವಾಗಿ ಪ್ರತಿ ತುತ್ತಿಗೂ ಪೆಟ್ಟು ಬೀಳುತ್ತಿರಬಹುದು. ಮೂಗಿನ ಪಕ್ಕದ ಎಲುಬಿನ ಗೂಡು ಕೀವಾದರೆ ಮೇಲಿನ ದವಡೆಹಲ್ಲುಗಳು ನೋಯುತ್ತವೆ. ಮಹಡಿ ಹತ್ತುವಾಗ, ಬಿರುಸಾಗಿ ನಡೆಯುವಾಗ ಮಾತ್ರ ಕೆಳದವಡೆ ನೋಯುತ್ತಿದ್ದು, ನಿಂತರೆ ಶಮನವಾಗುವುದಾದರೆ, ದಂತವೈದ್ಯರಿಗಿಂತ ಮುಂಚೆ ಹೃದಯವನ್ನು ಪರೀಕ್ಷಿಸುವವರಲ್ಲಿಗೆ ಓಡಬೇಕು. ಇವೆಲ್ಲ ಕಳೆದ ಮೇಲೆ ಉಳಿಯುವುದು ನರದ ಪ್ರಶ್ನೆ.

ಲಂಡನ್ನಿನ ಈಸ್ಟ್‌ಮನ್ ದಂತವೈದ್ಯ ಸಂಸ್ಥೆಯಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡರು. 2005ರಲ್ಲಿ ಪ್ರಕಟವಾದ ಆ ಅಧ್ಯಯನದ ವಿಶೇಷವೆಂದರೆ, ಚಿಕಿತ್ಸೆ ಕೆಟ್ಟವರನ್ನು ಅದು ಹುಡುಕಲಿಲ್ಲ, ಕ್ಷಕಿರಣ ಚಿತ್ರದಲ್ಲಿ ಸಂಪೂರ್ಣ ವಾಸಿಯಾದಂತೆ ಕಂಡವರನ್ನೇ ಆರಿಸಿ, “ಇನ್ನೂ ನೋವಿದೆಯೆ?” ಎಂದು ಕೇಳಿತು. ಅಂಥ 175 ಮಂದಿಯಲ್ಲಿ 21 ಮಂದಿ ಇದೆ ಎಂದರು. ಎಂದರೆ ಶೇಕಡಾ 12. ಕಠಿಣವಾದ ಪ್ರಕರಣಗಳನ್ನೇ ಕಳಿಸಿಕೊಡುವ ದೊಡ್ಡ ಆಸ್ಪತ್ರೆಯಾದುದರಿಂದ ಸಂಖ್ಯೆ ದೊಡ್ಡದಾಗಿರುವುದು ಸಹಜ. ಈ 21 ಮಂದಿಗೂ ಉಳಿದವರಿಗೂ ವ್ಯತ್ಯಾಸವೇನೆಂದು ನೋಡಿದಾಗ ಕಂಡದ್ದು ಇಷ್ಟು: ಚಿಕಿತ್ಸೆಗೆ ಮುಂಚೆಯೇ ಆ ಹಲ್ಲು ನೋಯುತ್ತಿತ್ತು, ಬಹುಕಾಲದಿಂದ ನೋಯುತ್ತಿತ್ತು, ತಟ್ಟಿ ನೋಡಿದರೆ ಹಲ್ಲು ಚುರುಕ್ಕೆನ್ನುತ್ತಿತ್ತು, ಮೈಯಲ್ಲಿ ಬೇರೆಡೆಯೂ ಹಳೆಯ ನೋವುಗಳಿದ್ದವು, ಹಿಂದೊಮ್ಮೆ ಮುಖದಲ್ಲೋ ಬಾಯಲ್ಲೋ ನೋವಿನ ಚಿಕಿತ್ಸೆಯಾಗಿತ್ತು, ಮತ್ತು ಅವರಲ್ಲಿ ಹೆಂಗಸರು ಹೆಚ್ಚು.

ಮೊದಲನೆಯದನ್ನೇ ಎಲ್ಲಕ್ಕಿಂತ ಮುಖ್ಯವೆಂದು ಎಣಿಸಬೇಕು. ಏಕೆಂದರೆ ಉಳಿದವುಗಳಲ್ಲಿ ಹೆಚ್ಚಿನವು ರೋಗಿಯ ಕೈಯಲ್ಲಿಲ್ಲ, ಇದು ಇದೆ. ಅಮೆರಿಕದ ದಂತವೈದ್ಯರ ಚಿಕಿತ್ಸಾಲಯಗಳ ಜಾಲವೊಂದರಲ್ಲಿ 651 ಮಂದಿಯನ್ನು ಆರು ತಿಂಗಳು ಹಿಂಬಾಲಿಸಿ 2016ರಲ್ಲಿ ಪ್ರಕಟಿಸಿದ ವರದಿಯೂ ಇದನ್ನೇ ಹೇಳುತ್ತದೆ. ಚಿಕಿತ್ಸೆಯ ಹಿಂದಿನ ವಾರದಲ್ಲಿ ನೋವಿನ ದಿನಗಳು ಹೆಚ್ಚಿದಷ್ಟೂ, ಆರು ತಿಂಗಳ ಮೇಲೂ ನೋವು ಉಳಿಯುವ ಸಂಭವ ಏರಿತ್ತು.

ಇದರ ಕಾರಣವನ್ನು ನರಶಾಸ್ತ್ರ ತಕ್ಕಮಟ್ಟಿಗೆ ಬಿಡಿಸಿದೆ. ಕ್ಲಿಫರ್ಡ್ ವುಲ್ಫ್ ಎಂಬ ವಿಜ್ಞಾನಿ 1983ರಲ್ಲಿ ಇಲಿಗಳ ಮೇಲೆ ಪ್ರಯೋಗ ನಡೆಸಿ, ಗಾಯದ ನೋವು ಬೆನ್ನುಹುರಿಯ ನರಕೋಶಗಳನ್ನೇ ಬದಲಿಸಿಬಿಡುತ್ತದೆ ಎಂದು ತೋರಿಸಿದ. ಹೊಲದ ನಡುವೆ ಒಬ್ಬ ಒಮ್ಮೆ ಹಾದುಹೋದರೆ ಪೈರು ಬಾಗಿ ಮತ್ತೆ ನೆಟ್ಟಗಾಗುತ್ತದೆ. ಅದೇ ಜಾಡಿನಲ್ಲಿ ದಿನವೂ ನಡೆದಾಡಿದರೆ ಕಾಲುದಾರಿಯೇ ಬೀಳುತ್ತದೆ. ನಡೆಯುವವರು ನಿಂತ ಮೇಲೂ ದಾರಿ ಬಹುಕಾಲ ಅಳಿಯುವುದಿಲ್ಲ. ನೋವಿನ ಸಂದೇಶ ಎಡೆಬಿಡದೆ ಹರಿದಾಗ ಅದನ್ನು ಮಿದುಳಿಗೆ ದಾಟಿಸುವ ಕೋಶಗಳು ಅತಿ ಚುರುಕಾಗಿ, ಮೆಲುಸ್ಪರ್ಶವನ್ನೂ ನೋವೆಂದು ವರದಿ ಮಾಡತೊಡಗುತ್ತವೆ. ಹಲ್ಲಿನ ನರಗಳು ಬೆನ್ನುಹುರಿಗೆ ಹೋಗದೆ ಮಿದುಳಿನ ಬುಡಕ್ಕೆ ಹೋಗುತ್ತವೆಯಾದರೂ ಅಲ್ಲಿನ ವ್ಯವಹಾರವೂ ಇದೇ. ಹೀಗೆ ಜಾಡು ಬಿದ್ದಿರುವಾಗ ನರತಂತುವಿಗೆ ಕತ್ತರಿ ಬಿದ್ದರೆ, ಮೊಂಡಾದ ಅದರ ತುದಿಯಿಂದ ಹೊರಡುವ ಸಣ್ಣ ಕಿಡಿಯೂ ಮೇಲೆ ಉರಿಯಾಗಿ ತೋರುತ್ತದೆ.

ನೋವನ್ನು ವಾರಗಟ್ಟಲೆ ಪೋಷಿಸುವ ಕಲೆ ಮಧ್ಯಮವರ್ಗದ ಮನೆಗಳಲ್ಲಿ ಚೆನ್ನಾಗಿ ಬೆಳೆದಿದೆ. ಮೊದಲು ಉಪ್ಪುನೀರು. ಬಳಿಕ ಲವಂಗದೆಣ್ಣೆಯಲ್ಲಿ ಅದ್ದಿದ ಹತ್ತಿ. ಲವಂಗದೆಣ್ಣೆಯನ್ನು ಹೀಗಳೆಯುವಂತಿಲ್ಲ, ಅದರಲ್ಲಿರುವ ಯೂಜಿನಾಲ್ ಎಂಬ ದ್ರವ್ಯವನ್ನು ಸತುವಿನ ಭಸ್ಮದೊಡನೆ ಕಲಸಿ ದಂತವೈದ್ಯರೇ ತಾತ್ಕಾಲಿಕ ಸಿಮೆಂಟಾಗಿ ಬಳಸುತ್ತ ಬಂದಿದ್ದಾರೆ. ಆದರೆ ಅದು ನೋವನ್ನು ಮಂಕಾಗಿಸುವುದೇ ಹೊರತು ಹುಳುಕನ್ನು ನಿಲ್ಲಿಸದು. ಆಮೇಲೆ ಔಷಧದಂಗಡಿಯವನು ಕೊಟ್ಟ ಗುಳಿಗೆ. ಕೆಲವರು ಆಸ್ಪಿರಿನ್ ಗುಳಿಗೆಯನ್ನು ನುಂಗದೆ ಹಲ್ಲಿನ ಪಕ್ಕದಲ್ಲಿ ಅದುಮಿಟ್ಟುಕೊಂಡು ಒಸಡನ್ನೇ ಸುಟ್ಟುಕೊಳ್ಳುವುದೂ ಉಂಟು. ನಡುವೆ ಒಂದು ದಿನ ನೋವು ತಾನಾಗಿಯೇ ನಿಲ್ಲುತ್ತದೆ. ಮಜ್ಜೆ ಸತ್ತಿತೆಂಬುದರ ಸೂಚನೆ ಅದು. ವಾಸಿಯಾಯಿತೆಂದು ಮನೆಯವರು ಸಂತೋಷಪಡುತ್ತಾರೆ. ಹದಿನೈದು ದಿನ ಕಳೆದು ದವಡೆ ಬಾತುಕೊಂಡಾಗಲೇ ಚಿಕಿತ್ಸಾಲಯದ ನೆನಪಾಗುವುದು.

ತಡಮಾಡಿಸುವ ಇನ್ನೊಂದು ನಂಬಿಕೆಯೂ ಇದೆ. ಮೇಲಿನ ಹಲ್ಲಿಗೆ ಕೈಹಚ್ಚಿದರೆ ಕಣ್ಣು ಮಂಜಾಗುತ್ತದೆಂದು ಹಿರಿಯರು ಹೇಳುವುದನ್ನು ಇಂದಿಗೂ ಕೇಳಬಹುದು. ಈ ಮಾತಿಗೆ ಆಧಾರವಿಲ್ಲ. ಟ್ರೈಜೆಮಿನಲ್ ನರದ ಮೊದಲ ಕವಲು ಹಣೆ, ಕಣ್ಣುಗಳ ಕಡೆಗೂ, ಎರಡನೆಯದು ಕೆನ್ನೆ, ಮೇಲಿನ ಹಲ್ಲುಗಳ ಕಡೆಗೂ, ಮೂರನೆಯದು ಕೆಳದವಡೆಗೂ ಹೋಗುತ್ತವೆ. ಮೇಲಿನ ಹಲ್ಲುನೋವು ಕಣ್ಣಿನ ಕೆಳಗೆ, ಕಪಾಲಕ್ಕೆ ಹಬ್ಬಿದಂತೆ ತೋರುವುದು ಈ ಒಂದೇ ಬುಡದಿಂದ. ನೋಟದ ನರ ಬೇರೆಯೇ ಒಂದು. ಅದಕ್ಕೂ ಹಲ್ಲಿಗೂ ಸಂಪರ್ಕವಿಲ್ಲ. ಹೀಗಿದ್ದರೂ ಈ ಅಂಜಿಕೆಯಿಂದ ಅಜ್ಜಿಯೊಬ್ಬರು ತಿಂಗಳುಗಟ್ಟಲೆ ನೋವು ನುಂಗಿಕೊಂಡು ಕೂರುವುದುಂಟು. ಮಕ್ಕಳು ಕೇಳಿದರೆ, “ಇರಲಿ ಬಿಡಪ್ಪ, ಹಬ್ಬ ಮುಗಿಯಲಿ” ಎನ್ನುತ್ತಾರೆ. ನರದ ದೃಷ್ಟಿಯಿಂದ ಆ ತಿಂಗಳುಗಳೇ ದುಬಾರಿ.

ಹೆಂಗಸರಲ್ಲಿ ಈ ನೋವು ಹೆಚ್ಚು ಎಂಬುದಕ್ಕೆ ಒಂದೇ ಕಾರಣ ಹೇಳಲಾಗದು. ಅರೆತಲೆನೋವು, ದವಡೆಕೀಲಿನ ನೋವು, ಮೈಯೆಲ್ಲ ನೋಯುವ ಕಾಯಿಲೆಗಳೂ ಹೆಂಗಸರನ್ನೇ ಹೆಚ್ಚಾಗಿ ಕಾಡುತ್ತವೆ. ಮಧ್ಯವಯಸ್ಸಿನಲ್ಲಿ, ಮೇಲಿನ ದವಡೆಯ ಹಲ್ಲುಗಳಲ್ಲಿ ಈ ವಿಧದ ನೋವು ಹೆಚ್ಚಾಗಿ ಕಂಡುಬರುತ್ತದೆ. ದೇಹಪ್ರಕೃತಿಯ ಪಾಲು ಎಷ್ಟೇ ಇರಲಿ, ಮನೆಯ ಪಾಲನ್ನೂ ಮರೆಯುವಂತಿಲ್ಲ. ಮಗನ ಹಲ್ಲು ನೋಯ್ದರೆ ಅಂದೇ ಸಂಜೆ ವೈದ್ಯರಲ್ಲಿಗೆ ಹೋಗುವ ಸಂಸಾರ, ಗೃಹಿಣಿಯ ಹಲ್ಲುನೋವನ್ನು ಮುಂದಿನ ಸಂಬಳದವರೆಗೆ ಮುಂದೂಡುತ್ತದೆ. ಮುಂದೂಡುವವಳು ಹೆಚ್ಚಾಗಿ ಅವಳೇ ಎಂಬುದೂ ನಿಜ. ಆಮೇಲೆ ನೋವು ಉಳಿದುಬಿಟ್ಟರೆ “ಇವಳದು ಯಾವಾಗಲೂ ಇದ್ದದ್ದೇ” ಎಂಬ ಮಾತನ್ನು ಕೇಳಬೇಕಾದವಳೂ ಅವಳೇ.

ಬೇರೆಡೆಯ ಹಳೆಯ ನೋವುಗಳಿಗೂ ಹಲ್ಲಿಗೂ ಏನು ನಂಟು ಎಂದು ಯಾರಿಗಾದರೂ ಅನಿಸಬಹುದು. ಸೊಂಟನೋವಿನ ವಿಷಯವನ್ನು ದಂತವೈದ್ಯರು ಕೇಳಿದರೆ ನಗುವವರೂ ಇದ್ದಾರೆ. ಆದರೆ ನೋವನ್ನು ತಡೆಹಿಡಿಯುವ ಒಂದು ಏರ್ಪಾಡು ಮಿದುಳಿನಲ್ಲಿಯೇ ಇದೆ; ಮೇಲಿನಿಂದ ಕೆಳಕ್ಕೆ ಇಳಿಯುವ ನರಮಾರ್ಗಗಳು ಬರುವ ಸಂದೇಶಗಳನ್ನು ತಗ್ಗಿಸುತ್ತವೆ. ಬಹುಕಾಲದ ತಲೆನೋವು, ಬೆನ್ನುನೋವು, ದವಡೆಕೀಲಿನ ನೋವು ಇರುವ ಅನೇಕರಲ್ಲಿ ಈ ಲಗಾಮು ಸಡಿಲವಾಗಿರುತ್ತದೆ. ಅಂಥವರ ಮೈಯಲ್ಲಿ ಹೊಸ ಗಾಯದ ನೋವು ಹೊತ್ತಿಗೆ ಸರಿಯಾಗಿ ಆರದು. ಹಿಂದೆ ಬಾಯಲ್ಲಿ ತುಂಬ ನೋವಿನ ಚಿಕಿತ್ಸೆ ಅನುಭವಿಸಿದವರ ನರಮಂಡಲವೂ ಅದನ್ನು ಮರೆತಿರುವುದಿಲ್ಲ.

ಮನಸ್ಸಿನ ಮಾತನ್ನು ಎಚ್ಚರದಿಂದ ಆಡಬೇಕು. ಮೇಲೆ ಹೇಳಿದ 2016ರ ವರದಿಯಲ್ಲಿ, ಚಿಕಿತ್ಸೆಯಿಂದ ಒಳಿತಾಗುವುದೆಂಬ ಭರವಸೆಯಿದ್ದವರಲ್ಲಿ ನೋವು ಉಳಿದದ್ದು ಕಡಿಮೆ. ಕಳವಳವೂ ಕಂಗೆಟ್ಟ ಮನಸ್ಸೂ ಆ ಇಳಿಮಾರ್ಗದ ಲಗಾಮನ್ನು ಇನ್ನಷ್ಟು ಸಡಿಲಿಸುತ್ತವೆ. ಇಷ್ಟರಿಂದ ನೋವು ಕಲ್ಪಿತವೆಂದು ಹೇಳಿದಂತಾಗದು; ರಕ್ತದೊತ್ತಡವೂ ಚಿಂತೆಯಿಂದ ಏರುತ್ತದೆ, ಅದನ್ನು ಯಾರೂ ಕಲ್ಪನೆಯೆನ್ನುವುದಿಲ್ಲ. ವರ್ಷಗಟ್ಟಲೆ ನೋಯುತ್ತಿರುವವರ ಮನಸ್ಸು ಕುಗ್ಗಿದ್ದರೆ, ಬಹುಸಲ ಅದು ನೋವಿನ ಫಲವೇ.

ಹಲ್ಲು ಬಾಯಲ್ಲಿ ಎಲ್ಲಿ ನಿಂತಿದೆ ಎಂಬುದೂ ರೋಗಿ ಹೊತ್ತು ತರುವ ಸಂಗತಿಗಳಲ್ಲಿ ಒಂದು. ಕೆಳದವಡೆಯ ಮೂಳೆಯೊಳಗೆ ಸುರಂಗದಂಥ ಒಂದು ನಾಳದಲ್ಲಿ ದಪ್ಪ ನರವೊಂದು ಸಾಗುತ್ತದೆ. ಎರಡನೆಯ ದವಡೆಹಲ್ಲಿನ ಬೇರುಗಳು ಕೆಲವರಲ್ಲಿ ಈ ನಾಳವನ್ನು ಮುಟ್ಟುವಷ್ಟು ಸಮೀಪವಿರುತ್ತವೆ. ಮುಂದೆ ಕಿರುದವಡೆ ಹಲ್ಲುಗಳ ಬುಡದಲ್ಲಿ ಅದೇ ನರದ ಕವಲು ಹೊರಬಂದು ತುಟಿ, ಗದ್ದಗಳಿಗೆ ಹರಡುತ್ತದೆ. ಇಲ್ಲಿ ಅರ ತುಸು ಆಳಕ್ಕೆ ಹೋದರೆ, ತೊಳೆಯುವ ದ್ರವವೋ ತುಂಬುವ ಸಿಮೆಂಟೋ ಬೇರಿನಾಚೆ ಒಸರಿದರೆ, ನರಕ್ಕೆ ನೇರವಾಗಿ ಪೆಟ್ಟಾಗುತ್ತದೆ. ಚುಚ್ಚುಮದ್ದಿನ ಮರಗಟ್ಟುವಿಕೆ ಸಾಮಾನ್ಯವಾಗಿ ನಾಲ್ಕೈದು ಗಂಟೆಗಳಲ್ಲಿ ಇಳಿಯುತ್ತದೆ. ಮರುದಿನ ಬೆಳಿಗ್ಗೆಯೂ ಕೆಳತುಟಿ ಜೋಮು ಹಿಡಿದಂತೆಯೇ ಇದ್ದರೆ, ಕಾಫಿ ಲೋಟ ತುಟಿಗೆ ತಾಗಿದ್ದೇ ತಿಳಿಯದಿದ್ದರೆ, “ನಾಳೆ ನೋಡೋಣ” ಎನ್ನದೆ ಆಗಲೇ ದಂತವೈದ್ಯರಿಗೆ ತಿಳಿಸಬೇಕು. ಒತ್ತುತ್ತಿರುವ ವಸ್ತುವನ್ನು ಒಂದೆರಡು ದಿನಗಳೊಳಗೆ ತೆಗೆದರೆ ನರ ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು. ವಾರಗಳಾದ ಮೇಲೆ ಅದೇ ಕೆಲಸದಿಂದ ಅಷ್ಟು ಫಲವಿಲ್ಲ.

ದಂತವೈದ್ಯರು ಹೆಸರು, ವಯಸ್ಸು ಬರೆದುಕೊಂಡು ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಕೇಳುತ್ತಾರೆ. ಗಾಯ ಮಾಗುವ ದೃಷ್ಟಿಯಿಂದ ಅವು ಬೇಕಾದವೇ. ಅವರು ಕೇಳದಿದ್ದರೂ ರೋಗಿ ತಾನಾಗಿ ಹೇಳಬೇಕಾದದ್ದು ಇನ್ನೂ ಇದೆ. ಹಲ್ಲು ಎಷ್ಟು ದಿನದಿಂದ ನೋಯುತ್ತಿದೆ, ನಡುವೆ ಎಷ್ಟು ಗುಳಿಗೆ ನುಂಗಿದ್ದಾಯಿತು, ಅರೆತಲೆನೋವು, ಕುತ್ತಿಗೆನೋವುಗಳಿವೆಯೆ, ಬೆಳಿಗ್ಗೆ ಏಳುವಾಗ ದವಡೆ ಬಿಗಿದಿರುತ್ತದೆಯೆ, ಹಿಂದೊಮ್ಮೆ ಹಲ್ಲು ಕೀಳಿಸಿದಾಗ ನೋವು ತಿಂಗಳುಗಟ್ಟಲೆ ಉಳಿದಿತ್ತೆ ಎಂಬುದನ್ನೆಲ್ಲ. ನಾಚಿಕೆಯಿಂದಲೋ ಅವಸರದಿಂದಲೋ ಇವನ್ನು ಮುಚ್ಚಿಡುವವರು ಬಹಳ. ಇವನ್ನು ಕೇಳಿದ ವೈದ್ಯರು ಎರಡು ವಿಷಯಗಳಲ್ಲಿ ಎಚ್ಚರಗೊಳ್ಳುತ್ತಾರೆ. ನೋವು ನಿಜವಾಗಿಯೂ ಆ ಹಲ್ಲಿನದೇ ಎಂದು ತಣ್ಣನೆಯ ಸ್ಪರ್ಶದಿಂದ, ತಟ್ಟುವುದರಿಂದ, ಚಿತ್ರದಿಂದ ಮತ್ತೆ ಮತ್ತೆ ಖಚಿತಪಡಿಸಿಕೊಳ್ಳುವುದು ಒಂದು. ಏಕೆಂದರೆ ‘ಚಿಕಿತ್ಸೆಯ ಬಳಿಕ ಉಳಿದ’ ನೋವುಗಳಲ್ಲಿ ಕೆಲವು ಮೊದಲಿನಿಂದಲೂ ಹಲ್ಲಿನವಾಗಿರುವುದೇ ಇಲ್ಲ. ಹಲ್ಲು ಪೂರ್ತಿ ಮರಗಟ್ಟುವವರೆಗೆ ಅರವನ್ನು ಮುಟ್ಟದಿರುವುದು ಇನ್ನೊಂದು. ಉರಿಯೆದ್ದ ಕೆಳದವಡೆಯ ಹಲ್ಲಿಗೆ ಒಂದು ಚುಚ್ಚುಮದ್ದು ಸಾಲದೆ ಹೋಗುವುದು ದಂತವೈದ್ಯರಿಗೆಲ್ಲ ಗೊತ್ತಿರುವ ಸಂಗತಿ. ಅಂಥಲ್ಲಿ “ಸ್ವಲ್ಪ ತಡೆದುಕೊಳ್ಳಿ” ಎಂದು ಮುಂದುವರಿಯುವುದೂ ಬೇಡ; ರೋಗಿ ಹಲ್ಲು ಕಚ್ಚಿ ಸಹಿಸುವ ಶೌರ್ಯವೂ ಬೇಡ. ಕೈಯೆತ್ತಿ ನಿಲ್ಲಿಸಿ, ಮತ್ತೊಂದು ಚುಚ್ಚುಮದ್ದು ಕೇಳುವುದು ರೋಗಿಯ ಹಕ್ಕು. ಚಿಕಿತ್ಸೆಗೆ ಮುಂಚೆ ಐಬುಪ್ರೊಫೆನ್‌ನಂಥ ಗುಳಿಗೆ ಕೊಟ್ಟರೆ ಮೊದಲ ದಿನದ ನೋವು ತಗ್ಗುತ್ತದೆ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇರುವವರೂ ರಕ್ತ ತೆಳುಮಾಡುವ ಔಷಧಿ ತೆಗೆದುಕೊಳ್ಳುವವರೂ ಅದನ್ನು ತಾವಾಗಿ ನುಂಗಬಾರದು.

ಇಷ್ಟೆಲ್ಲ ಕೇಳಿದ ಮೇಲೆ “ಈ ಗೋಜೇ ಬೇಡ, ಕೀಳಿಸಿಬಿಡುವುದೇ ಲೇಸು” ಎನ್ನುವವರಿದ್ದಾರೆ. ಹಲ್ಲು ಕೀಳುವಾಗಲೂ ಅದೇ ನರತಂತುಗಳು ತುಂಡಾಗುತ್ತವೆ, ಅದೂ ಇನ್ನಷ್ಟು ಒರಟಾಗಿ. ಕಿತ್ತ ಜಾಗದಲ್ಲಿ ನರಶೂಲೆ ಉಳಿದವರೂ ಇದ್ದಾರೆ. ನರದ ಹೆದರಿಕೆಯಿಂದ ಹಲ್ಲನ್ನು ಬಲಿಕೊಡುವುದರಲ್ಲಿ ಲಾಭವಿಲ್ಲ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯಲ್ಲಿ ಕಡಲೆಯೂ ಇಲ್ಲದೆ ಹಲ್ಲೂ ಇಲ್ಲದೆ ನೋವು ಮಾತ್ರ ಉಳಿದವನ ಪ್ರಸ್ತಾಪವಿಲ್ಲ.

ನರದ ನೋವನ್ನು ಗುರುತಿಸಲು ಅದರ ನಡತೆಯೇ ಸಹಾಯಕ. ಬಿಸಿ, ತಣ್ಣನೆಯ ಪದಾರ್ಥಗಳಿಂದ ಅದು ಹೆಚ್ಚಾಗಿ ಬದಲಾಗದು. ದಿನವೆಲ್ಲ ಒಂದೇ ಸಮನೆ ಉರಿಯುತ್ತದೆ ಅಥವಾ ಸೆಳೆಯುತ್ತದೆ. ನಿದ್ದೆ ಬಂದಾಗ ಹಲವರಿಗೆ ತಿಳಿಯುವುದಿಲ್ಲ. ಗಟ್ಟಿಯಾಗಿ ಒತ್ತಿದರೆ ಸಹಿಸಬಹುದು, ಬ್ರಷ್ಷಿನ ಎಳೆ ಸೋಕಿದರೆ ಸಹಿಸಲಾಗದು. ಆ ಜಾಗದಲ್ಲಿ ಅರ್ಧ ಜೋಮು, ಅರ್ಧ ಉರಿ. ವೈದ್ಯರು ಹಲ್ಲಿನ ಸುತ್ತ ಮರಗಟ್ಟಿಸುವ ಮದ್ದು ಚುಚ್ಚಿ ನೋಡುತ್ತಾರೆ. ಹಲ್ಲು ಪೂರ್ತಿ ಜೋಮು ಹಿಡಿದರೂ ನೋವು ಹಾಗೆಯೇ ಇದ್ದರೆ ಅದರ ಬೇರು ಮೇಲೆಲ್ಲೋ ಇದೆ. ಇದನ್ನು ಟ್ರೈಜೆಮಿನಲ್ ನ್ಯೂರಾಲ್ಜಿಯಾದೊಡನೆ ಬೆರೆಸಬಾರದು. ಲಂಡನ್ನಿನ ವೈದ್ಯ ಜಾನ್ ಫಾದರ್‌ಗಿಲ್ 1773ರಲ್ಲಿ ವರ್ಣಿಸಿದ ಆ ಕಾಯಿಲೆಯಲ್ಲಿ ನೋವು ಮಿಂಚಿನಂತೆ ಹೊಡೆದು ಕ್ಷಣಗಳಲ್ಲಿ ಹೋಗುತ್ತದೆ. ಮುಖ ತೊಳೆದರೆ, ಮಾತಾಡಿದರೆ ಮತ್ತೆ ಹೊಡೆಯುತ್ತದೆ. ಅದನ್ನೂ ಹಲ್ಲುನೋವೆಂದು ತಿಳಿದು ಹಲ್ಲು ಕೀಳಿಸಿಕೊಂಡವರು ಬಹುಮಂದಿ. ಅದರ ಔಷಧ ಕಾರ್ಬಮಜೆಪೀನ್. ಏಷ್ಯದ ಕೆಲವು ಜನರಲ್ಲಿ ಆನುವಂಶಿಕ ಕಾರಣದಿಂದ ಚರ್ಮಕ್ಕೆ ಭಯಂಕರ ಹಾನಿ ಮಾಡಬಲ್ಲದಾದುದರಿಂದ ವೈದ್ಯರ ಮೇಲ್ವಿಚಾರಣೆಯಿಲ್ಲದೆ ಮುಟ್ಟತಕ್ಕದ್ದಲ್ಲ.

ಚಿಕಿತ್ಸೆಯ ಬಳಿಕ ಉಳಿದ ನರಶೂಲೆಗೆ ಮಾಮೂಲಿ ನೋವಿನ ಗುಳಿಗೆಗಳು ಬಹುಮಟ್ಟಿಗೆ ನಾಟುವುದಿಲ್ಲ. ನರರೋಗ ತಜ್ಞರೋ ಮುಖನೋವಿನಲ್ಲಿ ಪರಿಣತರಾದ ದಂತವೈದ್ಯರೋ ಬರೆದುಕೊಡುವುದು ಅಮಿಟ್ರಿಪ್ಟಿಲೀನ್, ನಾರ್ಟ್ರಿಪ್ಟಿಲೀನ್, ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್‌ಗಳಂಥ ಔಷಧಗಳನ್ನು; ಕೆಲವರಿಗೆ ಒಸಡಿನ ಮೇಲೆ ಹಚ್ಚುವ ಲಿಡೋಕೇಯ್ನ್ ಮುಲಾಮನ್ನು. ಇಲ್ಲಿ ಮನೆಗಳಲ್ಲಿ ಒಂದು ಗಲಿಬಿಲಿ ನಡೆಯುತ್ತದೆ. ಅಮಿಟ್ರಿಪ್ಟಿಲೀನ್ 1961ರಲ್ಲಿ ಖಿನ್ನತೆಯ ಔಷಧವಾಗಿ ಮಾರುಕಟ್ಟೆಗೆ ಬಂದದ್ದು. ಪೆಟ್ಟಿಗೆಯೊಳಗಿನ ಕಾಗದವನ್ನು ಬಿಡಿಸಿ ಓದಿದ ಮಗನೋ ಅಳಿಯನೋ, “ಹಲ್ಲುನೋವೆಂದರೆ ಹುಚ್ಚಿನ ಗುಳಿಗೆ ಕೊಟ್ಟಿದ್ದಾರೆ” ಎಂದು ಗಾಬರಿ ಹಬ್ಬಿಸುತ್ತಾನೆ. ಗುಳಿಗೆ ಕಸದ ಬುಟ್ಟಿ ಸೇರುತ್ತದೆ. ನರದ ನೋವಿಗೆ ಕೊಡುವ ಪ್ರಮಾಣ ರಾತ್ರಿ 10 ಮಿಲಿಗ್ರಾಮಿನಿಂದ ಆರಂಭವಾಗುವ ಅಲ್ಪ ಪ್ರಮಾಣ. ಮಿದುಳಿನಿಂದ ಇಳಿಯುವ ಆ ಲಗಾಮನ್ನು ಮತ್ತೆ ಬಿಗಿಗೊಳಿಸುವುದು ಅದರ ಕೆಲಸ. ಮನಸ್ಸಿನ ಕಾಯಿಲೆಯೆಂದು ವೈದ್ಯರು ನಿರ್ಣಯಿಸಿದರೆಂದು ಅದರ ಅರ್ಥವಲ್ಲ. ಗುಣ ಕಾಣಲು ಕೆಲವು ವಾರಗಳೇ ಬೇಕು. ನಾಲ್ಕು ದಿನ ನುಂಗಿ ಬಿಟ್ಟವರಿಗೆ ತೂಕಡಿಕೆಯ ಹೊರತು ಬೇರೇನೂ ದೊರೆಯುವುದಿಲ್ಲ. ಹೃದಯದ ಬಡಿತ ಏರುಪೇರಿರುವವರೂ, ಕಣ್ಣಿನ ಒತ್ತಡದ ಗ್ಲಾಕೋಮಾ ಇರುವವರೂ, ಪ್ರಾಸ್ಟೇಟ್ ಗ್ರಂಥಿ ದಪ್ಪವಾದ ಹಿರಿಯರೂ ಅದನ್ನು ಮುಂಚೆಯೇ ವೈದ್ಯರಿಗೆ ತಿಳಿಸಬೇಕು. ಬಾಯಿ ಒಣಗುವುದು ಈ ಔಷಧದ ಸಾಮಾನ್ಯ ತೊಂದರೆ. ಜೊಲ್ಲು ಕಡಿಮೆಯಾದ ಬಾಯಲ್ಲಿ ಹುಳುಕು ಬೇಗ ಹತ್ತುವುದರಿಂದ, ಆಗಾಗ್ಗೆ ನೀರು ಗುಟುಕರಿಸುತ್ತ, ಸಿಹಿಯನ್ನು ದೂರವಿಟ್ಟು, ಫ್ಲೋರೈಡಿನ ಪೇಸ್ಟಿನಿಂದ ಎರಡು ಹೊತ್ತು ಹಲ್ಲುಜ್ಜಬೇಕು. ನೋವು ಇಳಿದ ಮೇಲೂ ಗುಳಿಗೆಯನ್ನು ಒಮ್ಮೆಗೇ ನಿಲ್ಲಿಸುವುದಿಲ್ಲ. ವೈದ್ಯರು ಕೆಲವು ತಿಂಗಳು ಮುಂದುವರಿಸಿ, ವಾರ ವಾರಕ್ಕೂ ಸ್ವಲ್ಪಸ್ವಲ್ಪವಾಗಿ ಇಳಿಸುತ್ತಾರೆ.